ಮೂರು ಕೆಜಿ ಕಡಿಮೆ

"ಆರ್ಡರ್ ಇರೋದು ಅರವತ್ತು ಕೆಜಿಗೆ. ಬಂದಿರೋದು ಐವತ್ತೇಳು. ಉಳಿದ ಮೂರು ಕೆಜಿ ದಾರೀಲಿ ಇಳಿದು ನಡ್ಕೊಂಡು ಹೋಯ್ತಾ?"

ನರೋಂಗ್‌ಗೆ ನಾನು ಹೇಳಿದ ಮೊದಲ ಮಾತು ಇದು. ಪ್ರೀತಿ ಹೀಗೆ ಶುರುವಾಗುತ್ತದೆ ಎಂದು ಅಂದು ಯಾರಾದರೂ ಹೇಳಿದ್ದರೆ ಅವರನ್ನೂ ತಕ್ಕಡಿಗೆ ಹತ್ತಿಸಿ ಬೈದು ಕಳಿಸುತ್ತಿದ್ದೆ.

ನನ್ನ ಹೆಸರು ಸುನಿಸಾ. ಥಾಯ್ಲೆಂಡಿನ ರಾಚಬುರಿಯ ಹೊರಗೆ, ಹೈವೇ ಪಕ್ಕದಲ್ಲಿ, ಹಸಿರು ಮಸಾಲೆ ಅರೆದು ಬಾಟಲಿಗೆ ತುಂಬಿ ಹೊರದೇಶಕ್ಕೆ ಕಳಿಸುವ ಸಣ್ಣ ಕಾರ್ಖಾನೆಯಲ್ಲಿ ನಾನು ಪರ್ಚೇಸ್ ಆಫೀಸರ್. ಹನ್ನೊಂದು ವರ್ಷ ಮುಚ್ಚಳ, ಬಾಟಲಿ, ರಟ್ಟಿನ ಪೆಟ್ಟಿಗೆ ಕೊಂಡು ಕೊಂಡು ಸಾಕಾಗಿ, ಕಳೆದ ವರ್ಷವಷ್ಟೇ ಹಸಿ ಪದಾರ್ಥಗಳ ಖರೀದಿಗೆ ಬಂದಿದ್ದೆ. ಮೆಣಸಿನಕಾಯಿ, ನಿಂಬೆ ಎಲೆ, ಮಜ್ಜಿಗೆ ಹುಲ್ಲು ಎಲ್ಲ ನನ್ನ ಪಾಲಿಗೆ. ಒಂದು ಎಲೆಯನ್ನು ಬೆರಳಲ್ಲಿ ಹೊಸಕಿ ಮೂಸಿದರೆ ಯಾವಾಗ ಕೊಯ್ದದ್ದು ಎಂದು ಹೇಳಬಲ್ಲೆ. ಆ ಜಂಬ ನನಗಿತ್ತು, ಈಗಲೂ ಇದೆ.

ನರೋಂಗ್ ಹೊಸ ಸಪ್ಲೈಯರ್. ಕಾಲುವೆಯಾಚೆಯ ಊರಿನ ಇಪ್ಪತ್ತೆರಡು ಮನೆಗಳ ಮಜ್ಜಿಗೆ ಹುಲ್ಲನ್ನು ಒಟ್ಟುಮಾಡಿ ತರುತ್ತಿದ್ದ. ಅವತ್ತು ಪರೀಕ್ಷೆಗೆಂದು ಕೊಟ್ಟ ಮೊದಲ ಆರ್ಡರ್. ಸಣಕಲು ಮೈ, ಕಿವಿಯ ಸಂದಿಯಲ್ಲಿ ಪೆನ್ನು, ಬಿಸಿಲಿಗೆ ಕೆಂಪಾದ ಕಿವಿ.

"ಇಬ್ಬನಿ, ಮೇಡಂ," ಅಂದ ಅವನು, ನೆಲ ನೋಡುತ್ತಾ. "ಊರಲ್ಲಿ ತೂಗುವಾಗ ಸರಿಯಾಗಿ ಅರವತ್ತಿತ್ತು. ದಾರೀಲಿ ಬಿಸಿಲು ಬಂತು, ಇಬ್ಬನಿ ಆರಿಹೋಯ್ತು."

"ನಮ್ಮ ಕಂಪನಿ ಹುಲ್ಲು ಕೊಳ್ಳುತ್ತೆ. ಇಬ್ಬನಿ ಕೊಳ್ಳಲ್ಲ."

ಅವನು ತಲೆಯೆತ್ತಿ ನೋಡಿದ. ಬೇಸರದಿಂದಲ್ಲ. ತಾನು ಹೇಳಬೇಕಿದ್ದ ಒಳ್ಳೆಯ ಮಾತನ್ನು ಇನ್ನೊಬ್ಬರು ಹೇಳಿಬಿಟ್ಟರೆ ನೋಡುತ್ತೇವಲ್ಲ, ಹಾಗೆ. ನನಗೆ ಯಾಕೋ ಪೆನ್ನಿನ ಮುಚ್ಚಳ ಹಾಕುವುದು ಮರೆತುಹೋಯಿತು.

ಸಂಜೆ ಐದಕ್ಕೆ ಹತ್ತು ನಿಮಿಷವಿದೆ ಎನ್ನುವಾಗ ಗೇಟಿನಿಂದ ಫೋನು ಬಂತು. ಹೋಗಿ ನೋಡಿದರೆ ನರೋಂಗ್ ಬೈಕಿನ ಪಕ್ಕ ನಿಂತಿದ್ದಾನೆ, ಬಾಳೆ ಎಲೆಯಲ್ಲಿ ಸುತ್ತಿದ ಕಟ್ಟನ್ನು ಎದೆಗವಚಿಕೊಂಡು.

"ಮೂರು ಕೆಜಿ, ಮೇಡಂ. ಒಣ ಬಟ್ಟೇಲಿ ಒರೆಸಿ ತಂದಿದೀನಿ. ಒಂದೊಂದೇ ಕಡ್ಡಿ."

"ಒಂದೊಂದೇ?"

"ತೊಂಬತ್ತಾರು ಕಡ್ಡಿ. ಎಣಿಸ್ಕೋಬಹುದು."

ಹೋಗಿಬರಲು ಮೂವತ್ತನಾಲ್ಕು ಕಿಲೋಮೀಟರ್, ಮೂರು ಕೆಜಿ ಹುಲ್ಲಿಗಾಗಿ. ನಾನು ನಕ್ಕುಬಿಟ್ಟೆ. ಸಪ್ಲೈಯರ್ ಮುಂದೆ ನಗಬಾರದು ಎನ್ನುವುದು ನಮ್ಮ ಮ್ಯಾನೇಜರ್ ವಿಲಾವನ್ ಅಕ್ಕ ಕಲಿಸಿದ ಮೊದಲ ಪಾಠ. ಆ ಪಾಠ ಅವತ್ತೇ ಕೈಬಿಟ್ಟಿತು.

ಪರೀಕ್ಷೆಯಲ್ಲಿ ಅವನು ಪಾಸಾದ. ವಾರಕ್ಕೆ ಮುನ್ನೂರ ಅರವತ್ತು ಕೆಜಿ ನಮಗೆ ಬೇಕು. ಕೋಲ್ಡ್ ರೂಮಿನಲ್ಲಿ ಮಜ್ಜಿಗೆ ಹುಲ್ಲು ವಾರ ಕಳೆದರೂ ಕೆಡುವುದಿಲ್ಲ. ಸೋಮವಾರ ಒಂದೇ ಲೋಡು ತರಿಸಿದ್ದರೆ ಎಲ್ಲರಿಗೂ ಸುಖ. ನಾನು ಏನು ಮಾಡಿದೆ ಗೊತ್ತೇ? ಆ ಆರ್ಡರನ್ನು ಆರು ತುಂಡು ಮಾಡಿದೆ. ದಿನಕ್ಕೆ ಅರವತ್ತು, ಸೋಮವಾರದಿಂದ ಶನಿವಾರದವರೆಗೆ. ಕಾರಣ ಎನ್ನುವ ಜಾಗದಲ್ಲಿ 'ತಾಜಾತನಕ್ಕಾಗಿ' ಎಂದು ಬರೆದೆ. ಬರೆಯುವಾಗ ಕಿವಿ ಬಿಸಿಯಾದದ್ದು ನಿಜ.

ಅವನೋ, ಹೆಚ್ಚುಕಮ್ಮಿ ದಿನಾ ಮೂರು ಕೆಜಿ ಕಡಿಮೆ ತರುತ್ತಿದ್ದ. ಸಂಜೆ ಉಳಿದದ್ದನ್ನು ಬೈಕಿನಲ್ಲಿ ತರುತ್ತಿದ್ದ. ಇಬ್ಬನಿ ಬೀಳುವ ಕಾಲ ಮುಗಿದು ನೆಲ ಕಾದು ಬಿರಿಯುವಂತಾದ ಮೇಲೂ ಆ ಮೂರು ಕೆಜಿ ಎಲ್ಲಿ ಹೋಗುತ್ತದೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಸರಿಮಾಡಿಬಿಡುತ್ತಾನಲ್ಲ!

ಹಾಗಾಗಿ ದಿನಕ್ಕೆರಡು ಸಲ ಅವನು ಕಣ್ಣಿಗೆ ಬೀಳುತ್ತಿದ್ದ. ಬೆಳಿಗ್ಗೆ ತಕ್ಕಡಿಯ ಮುಂದೆ, ಎಲ್ಲರ ಎದುರು, ಬರಿಯ ಸಂಖ್ಯೆಗಳ ಮಾತು. ಸಂಜೆ ಗೇಟಿನ ನೆರಳಲ್ಲಿ ಹತ್ತು ನಿಮಿಷ. ಬೆಳಿಗ್ಗೆ ಎಂದೂ ನನ್ನ ಮುಖ ನೋಡದವನು ಸಂಜೆ ಆ ಸಾಲವನ್ನೂ ಸೇರಿಸಿ ನೋಡುತ್ತಿದ್ದ.

ಒಂದು ಸಂಜೆ ಪನ್ನೇರಳೆ ಹಣ್ಣಿನ ಚೀಲ ಹಿಡಿದು ಬಂದ. ಕಡುಗೆಂಪು, ಕೈಯಲ್ಲಿ ಹಿಡಿದರೆ ತಣ್ಣಗಿರುವಂಥವು.

"ಸಪ್ಲೈಯರ್ ಕೈಯಿಂದ ನೀರು ಸಹ ತಗೊಳೋ ಹಾಗಿಲ್ಲ," ಅಂದೆ. "ನಿಯಮ. ತಗೊಂಡ್ರೆ ಕೆಲಸ ಹೋಗುತ್ತೆ."

"ಇದು ನಿಮಗೆ ಅಂತ ಯಾರು ಹೇಳಿದ್ರು?"

ಗೇಟಿನ ಪಕ್ಕದಲ್ಲಿ ನೆಲದ ದೈವದ ಪುಟ್ಟ ಗುಡಿಯಿದೆ, ಕಂಬದ ಮೇಲೆ, ಎದೆ ಎತ್ತರಕ್ಕೆ. ಅವನು ಹಣ್ಣುಗಳನ್ನು ಅಲ್ಲಿ ಸಾಲಾಗಿ ಜೋಡಿಸಿ, ಊದುಕಡ್ಡಿ ಹಚ್ಚಿ, ಕೈಮುಗಿದು ಕಣ್ಣುಮುಚ್ಚಿ ನಿಂತ. ಊದುಕಡ್ಡಿ ಉರಿದು ಮುಗಿಯುವವರೆಗೂ ಇಬ್ಬರೂ ಕಾದೆವು.

"ದೈವ ಊಟ ಮುಗಿಸಿತು," ಅಂದ. "ಉಳಿದದ್ದು ಪ್ರಸಾದ. ಅದನ್ನ ಯಾರು ಬೇಕಾದ್ರೂ ತಿನ್ನಬಹುದು. ಕಂಪನಿ ನಿಯಮದಲ್ಲಿ ಪ್ರಸಾದ ಲಂಚ ಅಂತ ಬರ್ದಿದಾರಾ?"

"ಭಾರೀ ಕಿಲಾಡಿ ನೀವು."

"ದೈವ ಸಾಕ್ಷಿ. ನಾನು ಏನೂ ಕೊಟ್ಟಿಲ್ಲ."

ಮುಂದಿನ ಎರಡು ತಿಂಗಳು ನಮ್ಮ ಗುಡಿಯ ದೈವಕ್ಕೆ ಆದಷ್ಟು ಸೇವೆ ಆ ಜಿಲ್ಲೆಯ ಯಾವ ದೈವಕ್ಕೂ ಆಗಿರಲಾರದು. ಪನ್ನೇರಳೆ, ಸೀಬೆ, ತೆಂಗಿನ ಹಾಲಲ್ಲಿ ಬೆಂದ ಅಂಟಕ್ಕಿ. "ದೈವ ದಪ್ಪ ಆಗ್ತಾ ಇದೆ," ಎಂದು ವಿಲಾವನ್ ಅಕ್ಕ ಒಮ್ಮೆ ನನ್ನ ಕೆನ್ನೆ ನೋಡುತ್ತಾ ಹೇಳಿದರು. ನಾನು ಫೈಲಿನೊಳಗೆ ಮುಖ ಹುದುಗಿಸಿದೆ.

ಪ್ರೀತಿ ಎಂದು ಇಬ್ಬರೂ ಬಾಯಿಬಿಟ್ಟಿರಲಿಲ್ಲ. ಅವನ ಬೆರಳು ನನ್ನ ಬೆರಳಿಗೆ ತಾಗಿದ್ದೂ ಇಲ್ಲ. ರಶೀದಿ ಕೊಡುವಾಗ ಅವನು ಕಾಗದದ ತುದಿಯನ್ನು ಹಿಡಿಯುತ್ತಿದ್ದ, ನಾನು ಇನ್ನೊಂದು ತುದಿಯನ್ನು. ಇಬ್ಬರೂ ಬಿಡಲು ತುಸು ತಡಮಾಡುತ್ತಿದ್ದೆವು, ಅಷ್ಟೇ. ಆ ಅಷ್ಟರಲ್ಲೇ ನನಗೆ ಇಡೀ ದಿನ ಸಾಗುತ್ತಿತ್ತು.

ಏಪ್ರಿಲ್ ಮೊದಲ ಮಂಗಳವಾರ ವಿಲಾವನ್ ಅಕ್ಕ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಮೇಜಿನ ಮೇಲೆ ಮೂರು ತಿಂಗಳ ವರದಿ ಹಾಸಿತ್ತು. ಸಪ್ಲೈಯರ್‌ಗಳು ಸಮಯಕ್ಕೆ ತಂದರೇ, ಪೂರ್ತಿ ತಂದರೇ ಎನ್ನುವ ಅಂಕಪಟ್ಟಿ. ಎಲ್ಲ ಹೆಸರೂ ಹಸಿರು ಬಣ್ಣದಲ್ಲಿ. ಒಂದೇ ಒಂದು ಕೆಂಪು.

"ಎಪ್ಪತ್ತೆರಡು ಸಲ ಸರಕು ಬಂದಿದೆ. ಅದರಲ್ಲಿ ಅರವತ್ತೊಂದು ಸಲ ಕಡಿಮೆ ತೂಕ," ಅಂದರು ಅಕ್ಕ. "ನರೋಂಗ್ ಅನ್ನೋ ಈ ಮನುಷ್ಯ ಏನು ತಮಾಷೆ ಮಾಡ್ತಿದಾನಾ?"

"ಸಂಜೆ ತಂದು ಕೊಡ್ತಾರೆ ಅಕ್ಕ. ಒಂದು ದಿನಾನೂ ತಪ್ಪಿಲ್ಲ."

"ಕಂಪ್ಯೂಟರಿಗೆ ಸಂಜೆ ಗೊತ್ತಾಗಲ್ಲ ಸುನಿ. ಬೆಳಿಗ್ಗೆ ಬಂದದ್ದೇ ಲೆಕ್ಕ. ಎರಡು ಪರ್ಸೆಂಟ್ ಹೆಚ್ಚುಕಮ್ಮಿ ಆದ್ರೆ ನಡೆಯುತ್ತೆ. ಇದು ಐದು. ದಿನಾ ಐದು!" ಕನ್ನಡಕ ತೆಗೆದಿಟ್ಟರು. "ಶುಕ್ರವಾರ ಕಮಿಟಿ ಇದೆ. ಕಾಂಚನಬುರಿಯ ಸಪ್ಲೈಯರ್ ಒಬ್ಬರು ತಂಪು ಲಾರೀಲಿ ತರ್ತೀವಿ ಅಂತ ಬರೆದುಕೊಟ್ಟಿದಾರೆ. ಇವನ ಹೆಸರು ಪಟ್ಟಿಯಿಂದ ತೆಗೀಬೇಕಾಗುತ್ತೆ."

ನರೋಂಗ್ ಹೋದರೆ ಇಪ್ಪತ್ತೆರಡು ಮನೆಯ ಹುಲ್ಲು ಯಾರಿಗೆ? ಆ ಊರಿನವರಿಗೆ ನಮ್ಮ ಕಾರ್ಖಾನೆ ಬಿಟ್ಟರೆ ಬೇರೆ ಗಿರಾಕಿ ಇಲ್ಲ. ಅಷ್ಟಕ್ಕೇ ನಿಲ್ಲಲಿಲ್ಲ, ಇನ್ನೊಂದು ಲೆಕ್ಕವೂ ತಲೆಯೊಳಗೆ ಓಡಿತು. ವಾರಕ್ಕೊಂದೇ ಲೋಡು ಬಂದಿದ್ದರೆ ಮೂರು ಕೆಜಿ ಯಾವ ಮೂಲೆಗೆ? ಒಂದು ಪರ್ಸೆಂಟೂ ಆಗುತ್ತಿರಲಿಲ್ಲ. ಆರ್ಡರನ್ನು ಇಷ್ಟು ಚಿಕ್ಕದಾಗಿ ಕತ್ತರಿಸಿದವಳು ನಾನು. ಅವನ ಹೆಸರಿಗೆ ಕೆಂಪು ಬಳಿದವಳೂ ನಾನೇ.

ಬುಧವಾರ ಸಪ್ಲೈಯರ್ ಭೇಟಿ ಎಂದು ಬರೆದಿಟ್ಟು ಅವನ ಊರಿಗೆ ಹೋದೆ. ಕಾಲುವೆ ದಂಡೆಯ ತಗಡಿನ ಶೆಡ್ಡಿನಲ್ಲಿ ಐದಾರು ಹೆಂಗಸರು ಹುಲ್ಲಿನ ಬುಡ ಕತ್ತರಿಸಿ ಕಟ್ಟು ಕಟ್ಟುತ್ತಿದ್ದರು. ಘಮ ಮೂಗಿಗೆ ಅಡರಿತು. ನರೋಂಗ್ ಬಾಳೆ ಎಲೆ ತರಲು ತೋಟಕ್ಕೆ ಹೋಗಿದ್ದ.

"ನಿಮ್ಮ ತಕ್ಕಡಿ ಕೆಟ್ಟಿದೆಯಾ?" ಎಂದು ಎಲ್ಲರಿಗಿಂತ ಹಿರಿಯವರಾದ ಬುವಾ ದೊಡ್ಡಮ್ಮನನ್ನು ಕೇಳಿದೆ.

"ತಕ್ಕಡಿ ಸರಿ ಇದೆ ಮಗಳೇ. ಅದನ್ನ ನೋಡ್ಕೊಳ್ಳೋನ ತಲೆ ಕೆಟ್ಟಿದೆ." ಎಲೆಯಡಿಕೆ ಜಗಿದು ಕೆಂಪಾದ ಬಾಯಿ ತೆರೆದು ನಕ್ಕರು. "ಬೆಳಿಗ್ಗೆ ಅರವತ್ತು ತೂಗಿ ಲೋಡ್ ಮಾಡ್ತೀವಿ. ಹೊರಡೋ ಹೊತ್ತಿಗೆ ಒಂದು ಕಟ್ಟು ಇಳಿಸಿ ಅಗೋ ಆ ನೀರಿನ ಬಾನಿ ಹಿಂದೆ ಇಡ್ತಾನೆ. ದಿನಾ! ಯಾಕೋ ಅಂದ್ರೆ, ಸಂಜೆಗೆ ಬೇಕು ದೊಡ್ಡಮ್ಮ ಅಂತಾನೆ. ಆಮೇಲೆ ಸ್ನಾನ ಮಾಡಿ, ತಲೆ ಬಾಚಿ, ಆ ಕಟ್ಟು ಎತ್ಕೊಂಡು ಹೊರಡ್ತಾನೆ. ಹುಲ್ಲು ಕೊಡೋಕೆ ಯಾರಾದ್ರೂ ತಲೆ ಬಾಚ್ತಾರಾ?"

ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ನರೋಂಗ್ ಬಂದ. ನನ್ನನ್ನು ನೋಡಿ, ಅವರ ನಗು ನೋಡಿ, ಹೊತ್ತ ಬುಟ್ಟಿಯನ್ನು ಇಳಿಸುವುದನ್ನೂ ಮರೆತು ನಿಂತುಬಿಟ್ಟ.

ಅವನನ್ನು ಕಾಲುವೆ ಕಡೆಗೆ ಕರೆದುಕೊಂಡು ಹೋದೆ.

"ಶುಕ್ರವಾರ ನಿಮ್ಮ ಹೆಸರು ಪಟ್ಟಿಯಿಂದ ಹೋಗುತ್ತೆ. ಬೇಕಂತಲೇ ಕಡಿಮೆ ತಂದ್ರಾ? ಅರವತ್ತೊಂದು ಸಲ?"

"ಹೂಂ."

"ಯಾಕೆ?"

"ಪೂರ್ತಿ ತಂದ್ರೆ ಸಂಜೆ ಬರೋಕೆ ಕಾರಣ ಇರಲ್ಲ, ಅದಕ್ಕೆ." ಅವನು ನೀರು ನೋಡುತ್ತಿದ್ದ. "ಸಂಜೆ ತಂದುಕೊಟ್ಟರೆ ಸರಿಹೋಗುತ್ತೆ ಅಂದ್ಕೊಂಡಿದ್ದೆ. ಅಂಕ ಹಾಕ್ತಾರೆ ಅಂತ ನನಗೆ ಗೊತ್ತಿರಲಿಲ್ಲ, ಮೇಡಂ."

ಇಂಥ ಮಾತಿಗಾಗಿ ಮೂರು ತಿಂಗಳಿಂದ ಕಾದಿದ್ದೆ. ಬಂದಾಗ ಮೈಯೆಲ್ಲ ಸಿಟ್ಟು ಹತ್ತಿತು.

"ಇಪ್ಪತ್ತೆರಡು ಮನೆಯವರನ್ನ ಆ ಹತ್ತು ನಿಮಿಷಕ್ಕೆ ಅಡ ಇಟ್ರಾ? ಅಷ್ಟು ಬೆಲೆ ಬಾಳ್ತೀನಾ ನಾನು?"

"ಬಾಳ್ತೀರಿ," ಅಂದ ಅವನು. "ಅದೇ ತಪ್ಪಾಗಿದ್ದು."

ಆಗ ನಾನೂ ಹೇಳಬೇಕಿತ್ತು. ಆರು ತುಂಡಿನ ವಿಷಯ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದರೆ ನನ್ನ ಕೆಲಸವೂ ಹೋಗುತ್ತದೆ, ಹನ್ನೊಂದು ವರ್ಷ ಕಾದು ಪಡೆದ ಎಲೆಗಳ ವಾಸನೆ ಹೋಗುತ್ತದೆ ಎಂಬ ಅಂಜಿಕೆ. ಬಾಯಿ ಮುಚ್ಚಿಕೊಂಡು ವಾಪಸ್ಸು ಬಂದೆ. ದಾರಿಯುದ್ದಕ್ಕೂ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು. ತಪ್ಪು ಒಪ್ಪಿಕೊಳ್ಳುವ ಗುಂಡಿಗೆ ಅವನಿಗಿತ್ತು, ನನಗಿರಲಿಲ್ಲ.

ಗುರುವಾರ ಬೆಳಿಗ್ಗೆ ಅರವತ್ತು ಕೆಜಿ ಪೂರ್ತಿ ಬಂತು. ಸಂಜೆ ಅವನು ಬರಲಿಲ್ಲ. ನಾನು ಗೇಟಿನ ಬಳಿ ಹತ್ತು ನಿಮಿಷ ಸುಮ್ಮನೆ ನಿಂತು ಬಂದೆ.

ಶುಕ್ರವಾರ ಮಧ್ಯಾಹ್ನ ಎರಡಕ್ಕೆ ಕಮಿಟಿ. ವಿಲಾವನ್ ಅಕ್ಕ, ಗೋದಾಮಿನ ಮುಖ್ಯಸ್ಥರು, ದೊಡ್ಡ ಸಾಹೇಬರು. ನರೋಂಗ್ ಹೆಸರು ಬಂದಾಗ ಎದ್ದು ನಿಂತೆ. ಕುಳಿತೇ ಮಾತಾಡಬಹುದಿತ್ತು, ಆದರೆ ಕುಳಿತರೆ ಹೇಳಲಾರೆ ಎನಿಸಿತು.

"ಈ ಕೆಂಪು ಅವರ ಕೈಲಾಗದ್ದಕ್ಕೆ ಬಂದದ್ದಲ್ಲ. ವಾರದ ಆರ್ಡರನ್ನ ಆರು ತುಂಡು ಮಾಡಿದ್ದು ನಾನು. ತಾಜಾತನಕ್ಕೆ ಅಂತ ಬರೆದೆ, ಅದು ಸುಳ್ಳು. ಅವರು ದಿನಾ ಬರಲಿ ಅಂತ ಮಾಡಿದೆ. ಅವರು ದಿನಾ ಒಂದು ಕಟ್ಟು ಬಿಟ್ಟು ಬಂದದ್ದೂ ಅದಕ್ಕೇ. ಬೇಕಾದ್ರೆ ನಿನ್ನೆಯ ತೂಕ ನೋಡಿ. ನನ್ನನ್ನ ಈ ಖರೀದಿಯಿಂದ ತೆಗೀರಿ. ಆ ಊರಿನ ಹುಲ್ಲು ಬಿಡಬೇಡಿ. ಅಂಥ ಹುಲ್ಲು ಬೇರೆ ಕಡೆ ಸಿಗಲ್ಲ, ಇದನ್ನ ನನ್ನ ಮೂಗಿನ ಮೇಲೆ ಆಣೆ ಇಟ್ಟು ಹೇಳ್ತೀನಿ."

ಗೋದಾಮಿನವರು ಫ್ಯಾನ್ ನೋಡಿದರು. ದೊಡ್ಡ ಸಾಹೇಬರು ವಿಲಾವನ್ ಅಕ್ಕನನ್ನು ನೋಡಿದರು. ಅಕ್ಕ ತಮ್ಮ ಕನ್ನಡಕ ಒರೆಸಿದರು. ಅದು ಮೊದಲೇ ಶುಭ್ರವಾಗಿತ್ತು.

ತೀರ್ಮಾನ ಹೀಗಾಯಿತು. ಸೋಮವಾರದಿಂದ ನಾನು ಮತ್ತೆ ಮುಚ್ಚಳ, ಬಾಟಲಿಗೆ. ಹಸಿ ಪದಾರ್ಥ ಸೋಮ್ಕಿದ್ ಎನ್ನುವ ಸಿಡುಕು ಮೋರೆಯ ಸಹೋದ್ಯೋಗಿಗೆ. ನರೋಂಗ್ ಉಳಿಯಬಹುದು, ವಾರಕ್ಕೊಂದೇ ಲೋಡು, ಪೂರ್ತಿ ತೂಕ. ಆದರೆ ಒಂದು ಷರತ್ತು. ನೌಕರರಿಗೂ ಸಪ್ಲೈಯರಿಗೂ ಸಂಬಂಧವಿದ್ದರೆ ಅದನ್ನು ಘೋಷಿಸುವ ನಮೂನೆಯೊಂದಿದೆ. ಇಬ್ಬರೂ ಬೇರೆ ಬೇರೆಯಾಗಿ ತುಂಬಬೇಕು, ಎರಡೂ ಹೇಳಿಕೆ ತಾಳೆಯಾಗಬೇಕು. ಸಂಜೆ ನಾಲ್ಕರೊಳಗೆ ಅದು ಬಾರದಿದ್ದರೆ ಕಾಂಚನಬುರಿಯವರ ಒಪ್ಪಂದಕ್ಕೆ ಸಹಿ.

ಅಕ್ಕ ಅವನಿಗೆ ಫೋನು ಮಾಡಿ ಕರೆಸಿದರು. ಅವನು ಬಂದು ಸಂದರ್ಶಕರ ಕೋಣೆಯಲ್ಲಿ ಕೂತು ತುಂಬಿದ, ನಾನು ನನ್ನ ಮೇಜಿನಲ್ಲಿ. ನಾಲ್ಕಕ್ಕೆ ಇಪ್ಪತ್ತು ನಿಮಿಷ ಇದೆ ಎನ್ನುವಾಗ ಅಕ್ಕ ಇಬ್ಬರನ್ನೂ ಕ್ಯಾಬಿನ್ನಿನಲ್ಲಿ ನಿಲ್ಲಿಸಿಕೊಂಡು ಎರಡೂ ಕಾಗದ ಹಿಡಿದರು.

"ಸಂಬಂಧದ ಸ್ವರೂಪ," ಎಂದು ನನ್ನದನ್ನು ಓದಿದರು. "'ನಾನು ಅವರನ್ನು ಪ್ರೀತಿಸುತ್ತೇನೆ. ಇದು ಅವರಿಗೆ ತಿಳಿಯದು.' ಇದು ಸರ್ಕಾರಿ ಕಾಗದ ಇದ್ದ ಹಾಗೆ ಸುನಿ. ಪತ್ರ ಬರಿಯೋ ಜಾಗ ಅಲ್ಲ."

ನಾನು ಅವನತ್ತ ನೋಡಲಿಲ್ಲ. ನೋಡುವ ಧೈರ್ಯ ಇರಲಿಲ್ಲ. ಪಕ್ಕದಲ್ಲಿ ಅವನು ಉಸಿರೆಳೆದುಕೊಂಡದ್ದು ಮಾತ್ರ ಕೇಳಿಸಿತು.

ಅಕ್ಕ ಅವನದನ್ನು ಎತ್ತಿಕೊಂಡರು. "'ಸದ್ಯಕ್ಕೆ ಯಾವ ಸಂಬಂಧವೂ ಇಲ್ಲ. ಮದುವೆಯಾಗುತ್ತೀರಾ ಎಂದು ಕೇಳಬೇಕೆಂದಿದ್ದೇನೆ. ಬೇಡ ಅಂದರೂ ಹುಲ್ಲು ಪೂರ್ತಿ ತೂಕ ಬರುತ್ತದೆ.'"

ಅಕ್ಕ ಕಾಗದಗಳನ್ನು ಕೆಳಗಿಟ್ಟರು. "ತಾಳೆ ಆಗ್ತಿಲ್ಲ. ಹದಿನೆಂಟು ನಿಮಿಷ ಇದೆ. ಹೊರಗೆ ಹೋಗಿ, ಇಬ್ಬರೂ ಒಂದೇ ಉತ್ತರ ತಗೊಂಡ್ಬನ್ನಿ. ಹೋಗಿ, ಹೋಗಿ!"

ಹೊರಗೆ ಮೆಟ್ಟಿಲ ಬಳಿ ನೀರಿನ ಕ್ಯಾನುಗಳ ನಡುವೆ ನಿಂತೆವು.

"ಆರು ತುಂಡು ಮಾಡಿದ್ದು ನೀವಾ?" ಅಂದ ಅವನು. ಅಕ್ಕ ಫೋನಿನಲ್ಲಿ ಹೇಳಿದ್ದರಂತೆ. "ತಾಜಾ ಹುಲ್ಲೇ ಬೇಕು ಅಂತಾರೆ, ಎಷ್ಟು ಶಿಸ್ತಿನ ಕಂಪನಿ ಅಂತ ನಾನು ಅಂದ್ಕೊಂಡಿದ್ದೆ."

"ಬುಧವಾರಾನೇ ಹೇಳಬೇಕಿತ್ತು. ಹೆದರಿದೆ. ನಿಮ್ಮನ್ನ ಬೈದು ಬಂದೆ."

"ನಿಮಗೆ ಆ ಕೆಲಸ ಎಷ್ಟು ಇಷ್ಟ ಅಂತ ಗೊತ್ತು. ಎಲೆ ಮೂಸುವಾಗ ಕಣ್ಣು ಮುಚ್ತೀರಿ. ನಾನೇ ಬಿಟ್ಟುಬಿಡ್ತೀನಿ. ಬೇರೆ ಗಿರಾಕಿ ಹುಡುಕ್ತೀನಿ. ನೀವು ಇಲ್ಲೇ ಇರಿ."

"ಬುವಾ ದೊಡ್ಡಮ್ಮನಿಗೆ ಏನು ಹೇಳ್ತೀಯ?" ಕಣ್ಣೀರು ತಾನಾಗಿ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಕಾಗದದಲ್ಲಿ ಬರೆದಿದ್ದನ್ನ ಬಾಯಲ್ಲಿ ಕೇಳು ಮೊದಲು. ಹದಿನೈದೇ ನಿಮಿಷ ಇರೋದು."

"ನನ್ನ ಮನೇಲಿ ತಂಪು ಕೋಣೆ ಇಲ್ಲ. ಅಮ್ಮ ಜೋರು. ಬೆಳಗಿನ ಜಾವ ನಾಲ್ಕಕ್ಕೆ ಏಳ್ತೀವಿ, ಇಡೀ ಮನೆ ಹುಲ್ಲಿನ ವಾಸನೆ." ನಿಲ್ಲಿಸಿ ಮುಖ ನೋಡಿದ. ಈ ಸಲ ನೆಲ ನೋಡಲಿಲ್ಲ. "ಮದುವೆ ಆಗ್ತೀಯಾ, ಸುನಿ?"

"ಆಗ್ತೀನಿ."

"ಯೋಚನೆ ಮಾಡಿ ಹೇಳು—"

"ಮೂರು ತಿಂಗಳಿಂದ ಅದನ್ನೇ ಮಾಡ್ತಿದೀನಿ. ನಡಿ, ಹೊತ್ತಾಯ್ತು."

ಒಳಗೆ ಹೋಗಿ ಹೊಸ ನಮೂನೆ ಎರಡು ತೆಗೆದುಕೊಂಡೆವು. ಒಂದೇ ಮೇಜು, ಎದುರುಬದುರು. ಸಂಬಂಧದ ಸ್ವರೂಪ ಎನ್ನುವಲ್ಲಿ ಅವನು ಬರೆದ, ನಾನೂ ಬರೆದೆ. ವಿಲಾವನ್ ಅಕ್ಕ ಒಂದರ ಪಕ್ಕ ಒಂದಿಟ್ಟು ಬೆರಳಿಟ್ಟು ಅಕ್ಷರ ಅಕ್ಷರ ನೋಡಿದರು. ಇಪ್ಪತ್ತಾರು ವರ್ಷದ ಅನುಭವ ಅವರದು. ಬಿಲ್ಲಿನಲ್ಲಿ ಒಂದು ಚುಕ್ಕೆ ಹೆಚ್ಚಿದ್ದರೂ ಬಿಡುವವರಲ್ಲ.

"ಮದುವೆ ನಿಶ್ಚಯವಾದವರು," ಎಂದು ಒಂದನ್ನು ಓದಿದರು. "ಮದುವೆ ನಿಶ್ಚಯವಾದವರು," ಎಂದು ಇನ್ನೊಂದನ್ನೂ ಓದಿದರು. ಮುದ್ರೆ ಒತ್ತುವಾಗ ಅವರ ಕೈ ಎರಡು ಸಲ ಗುರಿ ತಪ್ಪಿತು. "ಇಂಥ ತಾಳೆ ನಾನು ಇದುವರೆಗೂ ನೋಡಿಲ್ಲ. ಸಿಂಗಾರ ಮಾಡ್ಕೊಂಡು ಮದುವೆಗೆ ಬರ್ತೀನಿ, ಊಟ ಮಾತ್ರ ಪೂರ್ತಿ ಹಾಕಬೇಕು."

ನನ್ನ ಮೇಜು ಖಾಲಿಯಾಗಬೇಕಿತ್ತು. ಸೋಮ್ಕಿದ್ ಆಗಲೇ ತನ್ನ ಫೈಲುಗಳೊಂದಿಗೆ ಬಾಗಿಲಲ್ಲಿ ನಿಂತಿದ್ದ. ಕಿಟಕಿಯಲ್ಲಿಟ್ಟಿದ್ದ ನಿಂಬೆ ಎಲೆಗಳ ಬಟ್ಟಲನ್ನು ಅವನ ಕಡೆ ಸರಿಸಿಕೊಡುವಾಗ ಕೊನೆಯ ಸಲ ಒಂದು ಎಲೆ ಹೊಸಕಿ ಮೂಸಿದೆ. ನೋವು ಇಲ್ಲ ಎಂದರೆ ಸುಳ್ಳಾಗುತ್ತದೆ.

ನರೋಂಗ್ ಅದನ್ನು ನೋಡಿದ. ಇಡೀ ಆಫೀಸು ನೋಡುತ್ತಿರುವಾಗಲೇ ಬಂದು ನನ್ನ ಕೈ ಹಿಡಿದ. ಮೂರು ತಿಂಗಳಲ್ಲಿ ಮೊದಲ ಸಲ. ಅವನ ಅಂಗೈ ಒರಟಾಗಿತ್ತು, ಬೆವರಿತ್ತು. ಯಾರಿಂದಲೂ ಮುಚ್ಚಿಡುವಂಥದ್ದು ಇನ್ನೇನೂ ಉಳಿದಿರಲಿಲ್ಲ. ನಾನು ಕೈ ಬಿಡಿಸಿಕೊಳ್ಳಲಿಲ್ಲ.